ಉರಿಯದೆ ಹೋದ ಅನಿಲದ ಲೆಕ್ಕ

ಮೀಥೇನ್ ಸೋರಿಕೆ ಎಂದೊಡನೆ ನಮ್ಮ ಪರಿಣತರು ಆಕಾಶದ ಕಡೆ ಕೈ ತೋರಿಸುತ್ತಾರೆ. ತುರ್ಕ್‌ಮೆನಿಸ್ತಾನದ ಅನಿಲ ಕೊಳವೆ, ಟೆಕ್ಸಾಸಿನ ತೈಲಬಾವಿ, ಅವುಗಳ ಮೇಲೆ ಉಪಗ್ರಹ ಹಿಡಿದ ಕೆಂಪು ಹಳದಿ ಬಾಲಗಳು ಪರದೆಯ ಮೇಲೆ ಬರುತ್ತವೆ. ಆಮೇಲೆ ಒಂದು ಸಮಾಧಾನದ ಮಾತು ಬರುತ್ತದೆ. ಇದು ಎಣ್ಣೆ ತೆಗೆಯುವ ದೇಶಗಳ ತಲೆನೋವು, ಸೋರಿಕೆ ಪತ್ತೆಯ ಯಂತ್ರಗಳೂ ನಿಯಮಗಳೂ ಅವರಿಗೆ ಬೇಕು. ನಮ್ಮ ಮೀಥೇನ್ ದನದ್ದು, ಭತ್ತದ ಗದ್ದೆಯದ್ದು, ಬಡವನ ಹೊಟ್ಟೆಪಾಡಿನದ್ದು. ಅದಕ್ಕೆ ಪರಿಹಾರವಾಗಿ ಗೋಬರ್ ಗ್ಯಾಸ್ ಇದ್ದೇ ಇದೆ, ಕಟ್ಟುತ್ತಲೇ ಇದ್ದೇವೆ. ಸರ್ಕಾರಿ ಸಭೆಯಲ್ಲಿ, ಕೃಷಿ ಮೇಳದಲ್ಲಿ, ಪರಿಸರದ ಬಗ್ಗೆ ಮಾತಾಡುವ ಗೆಳೆಯರ ನಡುವೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಇದರಲ್ಲಿ ಎಲ್ಲರಿಗೂ ನೆಮ್ಮದಿ ಇದೆ.

ಈ ಮಾತು ತಪ್ಪು ಎಂದು ನಾನು ವಾದಿಸುತ್ತೇನೆ. ಸೋರಿಕೆ ಹುಡುಕುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳ ಕೊಟ್ಟಿಗೆಯ ಹಿಂದೆ. ಗೋಬರ್ ಗ್ಯಾಸಿಗೆಂದು ಸಗಣಿಯ ಗುಂಡಿ ಕಟ್ಟಿದ ಮಾತ್ರಕ್ಕೆ ಮೀಥೇನಿನ ಬಾಧೆ ತೀರುವುದಿಲ್ಲ. ಗುಂಡಿ ಸೋರಿದರೆ ಆ ಬಾಧೆಯನ್ನು ನಾವೇ ಕೈಯಾರೆ ಹುಟ್ಟಿಸಿದಂತೆ ಆಗುತ್ತದೆ.

ಮೊದಲು ಹಸುವನ್ನು ಈ ಜಗಳದಿಂದ ಹೊರಗಿಡೋಣ. ಭಾರತ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕದಂತೆ 2016ರಲ್ಲಿ ದೇಶದ ಮೀಥೇನ್ ಹೊರಸೂಸುವಿಕೆ ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸಿ ಹೇಳಿದರೆ 40.9 ಕೋಟಿ ಟನ್. ಅದರಲ್ಲಿ ಶೇ. 74ರಷ್ಟು ಕೃಷಿ ಮತ್ತು ಪಶುಪಾಲನೆಯದ್ದು, ಶೇ. 14ರಷ್ಟು ಕಸ ಮತ್ತು ಕೊಳಚೆಯದ್ದು, ಇಂಧನ ವಲಯದ್ದು ಶೇ. 11ಕ್ಕೂ ಕಡಿಮೆ. 2021ರಲ್ಲಿ ಗ್ಲಾಸ್ಗೋದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರೊಳಗೆ ಮೀಥೇನನ್ನು 2020ರ ಮಟ್ಟಕ್ಕಿಂತ ಶೇ. 30 ಇಳಿಸುವ ಒಪ್ಪಂದಕ್ಕೆ ಕೈಹಾಕಿದಾಗ ಭಾರತ ಸಹಿ ಮಾಡಲಿಲ್ಲ. ಎರಡು ಹಸು, ಅರ್ಧ ಎಕರೆ ಇರುವವನ ಬದುಕಿನ ಮೇಲೆ ಈ ಭಾರ ಹೊರಿಸಲಾಗದು ಎಂಬುದು ಸರ್ಕಾರದ ನಿಲುವು. ಹಸುವಿನ ವಿಷಯದಲ್ಲಿ ಆ ನಿಲುವು ನನಗೆ ಒಪ್ಪಿಗೆ. ಮೆಲುಕು ಹಾಕುವ ಪ್ರಾಣಿ ತೇಗುತ್ತದೆ, ಆ ತೇಗಿನಲ್ಲಿ ಮೀಥೇನ್ ಇರುತ್ತದೆ. ಮಳೆ ನಂಬಲಾಗದ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ, ಗೌರಿಬಿದನೂರು ಬಾಗೇಪಲ್ಲಿಗಳ ಈ ಜಿಲ್ಲೆಯಲ್ಲಿ ಹಾಲಿನ ಡೇರಿಯ ಬಟವಾಡೆಯೇ ಎಷ್ಟೋ ಮನೆಗಳ ಸಂಬಳ. ಅಲ್ಲಿಗೆ ಹೋಗಿ ಹಸು ಕಡಿಮೆ ಮಾಡಿ ಎನ್ನುವವರ ಜೊತೆ ನಾನಿಲ್ಲ.

ಆದರೆ ಸಗಣಿಯ ಗುಂಡಿ ಹಸುವಲ್ಲ. ಅದು ಇಟ್ಟಿಗೆ, ಸಿಮೆಂಟು, ಪೈಪು, ವಾಲ್ವು ಸೇರಿಸಿ ಮೇಸ್ತ್ರಿ ಕಟ್ಟಿದ ಪಾತ್ರೆ. ಸರ್ಕಾರದ ಸಹಾಯಧನ ಪಡೆದು, ಎಷ್ಟೋ ಕಡೆ ವಿದೇಶಿ ಇಂಗಾಲದ ಕ್ರೆಡಿಟ್ ಹಣ ಪಡೆದು, ಮೀಥೇನ್ ಉತ್ಪಾದಿಸುವುದಕ್ಕೆಂದೇ ಕಟ್ಟಿದ ಪಾತ್ರೆ. ಮೀಥೇನ್ ತಯಾರಿಸುವ ಪಾತ್ರೆಗೆ ಸೋರುತ್ತಿದೆಯೇ ಎಂದು ಕೇಳುವುದು ಬಡವನ ಮೇಲಿನ ದೌರ್ಜನ್ಯ ಹೇಗಾದೀತು? ಹಸುವಿನ ಹೆಸರು ಹೇಳಿ ಗುಂಡಿಯನ್ನು ತಪಾಸಣೆಯಿಂದ ಪಾರು ಮಾಡುವುದು ವಾದವೇ ಅಲ್ಲ. ಆದರೂ ನಡೆಯುತ್ತಿರುವುದು ಅದೇ.

ತಿಪ್ಪೆಗೂ ಗುಂಡಿಗೂ ಇರುವ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ಸಗಣಿಯನ್ನು ಬೆರಣಿ ತಟ್ಟುತ್ತಾರೆ ಅಥವಾ ತಿಪ್ಪೆಗೆ ಹಾಕುತ್ತಾರೆ. ಬಿಸಿಲಿಗೆ ಒಣಗುವ, ಗಾಳಿ ಆಡುವ ಆ ಸಗಣಿಯಿಂದ ಹೊರಡುವ ಮೀಥೇನ್ ಬಹಳ ಕಡಿಮೆ. ಹವಾಮಾನ ಬದಲಾವಣೆಯ ಅಂತರ್ ಸರ್ಕಾರಿ ಮಂಡಳಿಯ ಕೈಪಿಡಿಯಂತೆ ಒಣ ರೀತಿಯಲ್ಲಿ ರಾಶಿ ಹಾಕಿದ ಸಗಣಿ ತನ್ನೊಳಗಿನ ಮೀಥೇನ್ ಸಾಮರ್ಥ್ಯದ ಶೇ. 5ಕ್ಕಿಂತ ಹೆಚ್ಚು ಬಿಡುವುದಿಲ್ಲ, ನಮ್ಮಂಥ ಬೆಚ್ಚನೆಯ ಸೀಮೆಯಲ್ಲೂ. ಅದೇ ಸಗಣಿಯನ್ನು ಸಮಪಾಲು ನೀರಿನಲ್ಲಿ ಕಲಸಿ, ಗಾಳಿಯಾಡದ ಗುಮ್ಮಟದೊಳಗೆ ತಿಂಗಳುಗಟ್ಟಲೆ ಇಟ್ಟರೆ ಸೂಕ್ಷ್ಮಾಣುಗಳು ಆ ಸಾಮರ್ಥ್ಯದ ಬಹುಪಾಲನ್ನು ಅನಿಲವಾಗಿಸುತ್ತವೆ. ಅದಕ್ಕೇ ತಾನೆ ಗುಂಡಿ ಕಟ್ಟಿದ್ದು! ಆ ಅನಿಲ ಒಲೆಯಲ್ಲಿ ಉರಿದರೆ ಲಾಭ. ಉರಿಯದೆ ತಪ್ಪಿಸಿಕೊಂಡರೆ, ತಿಪ್ಪೆಯಿಂದ ಎಂದೂ ಹುಟ್ಟುತ್ತಿರದ ಮೀಥೇನನ್ನು ನಾವು ಸಹಾಯಧನ ಕೊಟ್ಟು ವಾತಾವರಣಕ್ಕೆ ಬಿಟ್ಟಂತೆ.

ಇದರ ಗಾತ್ರ ಎಷ್ಟೆಂದು ಕೂತು ಲೆಕ್ಕ ಹಾಕಬಹುದು. ಮನೆಬಳಕೆಯ ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಪೂರ್ತಿ ಕೆಲಸ ಮಾಡಿದರೆ ಅದರಿಂದ ಬರುವ ಎರಡು ಘನಮೀಟರ್ ಅನಿಲದಲ್ಲಿ ಶೇ. 60ರಷ್ಟು ಮೀಥೇನ್, ಅಂದರೆ ತೂಕದಲ್ಲಿ ಸುಮಾರು 800 ಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಸೋರಿದರೆ 80 ಗ್ರಾಂ. ನಮ್ಮ ಒಂದು ಹಾಲು ಕೊಡುವ ಹಸು ದಿನಕ್ಕೆ ಸರಾಸರಿ 160 ಗ್ರಾಂ ಮೀಥೇನ್ ತೇಗುತ್ತದೆಂದು ಅದೇ ಕೈಪಿಡಿಯ ಹಳೆಯ ಅಂದಾಜು. ಅಂದರೆ ಹತ್ತನೇ ಒಂದು ಪಾಲು ಸೋರುವ ಗುಂಡಿ ಕೊಟ್ಟಿಗೆಗೆ ಅರ್ಧ ಹಸುವನ್ನು ಸೇರಿಸಿದಂತೆ. ಹಾಲೂ ಇಲ್ಲ, ಗೊಬ್ಬರವೂ ಇಲ್ಲ.

ವರ್ಷಕ್ಕೆ ಕೂಡಿಸಿದರೆ ಆ ಸೋರಿಕೆ 29 ಕಿಲೋ. ನೂರು ವರ್ಷದ ಅಳತೆಯಲ್ಲಿ ಜೈವಿಕ ಮೀಥೇನ್ ಇಂಗಾಲದ ಡೈಆಕ್ಸೈಡಿನ 27 ಪಟ್ಟು, ಇಪ್ಪತ್ತು ವರ್ಷದ ಅಳತೆಯಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ. ಇಂಥ ಸ್ಥಾವರ ಸೌದೆ, ಸೀಮೆಎಣ್ಣೆ ಉಳಿಸಿ ವರ್ಷಕ್ಕೆ ಮೂರರಿಂದ ನಾಲ್ಕು ಟನ್ ಇಂಗಾಲದ ಡೈಆಕ್ಸೈಡ್ ತಪ್ಪಿಸುತ್ತದೆಂದು ಹಿಡಿಯುವುದು ವಾಡಿಕೆ. ನೂರು ವರ್ಷದ ಅಳತೆಯಲ್ಲಿ 29 ಕಿಲೋ ಮೀಥೇನ್ ಎಂದರೆ ಮುಕ್ಕಾಲು ಟನ್ನಿಗೂ ಮಿಗಿಲು. ಲಾಭದ ನಾಲ್ಕನೇ ಒಂದು ಪಾಲಿನಷ್ಟು ಹೋಯಿತು. ಇಪ್ಪತ್ತು ವರ್ಷದ ಅಳತೆಯಲ್ಲಿ ಎರಡು ಟನ್ನಿಗಿಂತ ಹೆಚ್ಚು. ಲಾಭದ ಅರ್ಧಕ್ಕೂ ಹೆಚ್ಚು ಕರಗಿತು. ಐದರಲ್ಲಿ ಎರಡು ಪಾಲು ಸೋರುವ ಗುಂಡಿಯಾದರೆ ಯಾವ ಅಳತೆಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಇಂದು ಸೋರಿದ್ದರ ಬಿಸಿ ತಟ್ಟುವುದು ಇಂದು ಶಾಲೆಗೆ ಹೋಗುತ್ತಿರುವ ಮಕ್ಕಳಿಗೆ. ಹಾಗಾಗಿ ಇಪ್ಪತ್ತು ವರ್ಷದ ಅಳತೆಯನ್ನು ಬದಿಗಿಟ್ಟು ಮಾತಾಡುವವರ ಮೇಲೆ ನನಗೆ ನಂಬಿಕೆ ಇಲ್ಲ.

ಐದರಲ್ಲಿ ಎರಡು ಪಾಲು ಎನ್ನುವುದು ಅತಿ ಎನಿಸೀತು. ಸೋರುವ ದಾರಿಗಳನ್ನು ಗಮನಿಸಿದವರಿಗೆ ಹಾಗೆನಿಸುವುದಿಲ್ಲ. 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯೇ ನಮ್ಮಲ್ಲಿ ಹೆಚ್ಚು. ನೆಲದೊಳಗಿನ ಇಟ್ಟಿಗೆಯ ಗುಮ್ಮಟದಲ್ಲಿ ಅನಿಲ ತುಂಬುತ್ತದೆ, ಒತ್ತಡಕ್ಕೆ ಸಗಣಿಯ ಬಗ್ಗಡ ಹೊರಗುಂಡಿಗೆ ಏರುತ್ತದೆ, ಒಲೆ ಹಚ್ಚಿದಾಗ ಮತ್ತೆ ಇಳಿಯುತ್ತದೆ. ಮನೆಯವರು ಮೂರು ದಿನ ಮದುವೆಗೆ ಹೋದರೆ ಅನಿಲ ಎಲ್ಲಿಗೆ ಹೋಗಬೇಕು? ಗುಮ್ಮಟ ಹಿಡಿಸಲಾರದಷ್ಟಾದಾಗ ಹೊರಗುಂಡಿಯ ಮೂಲಕ ಗುಳುಗುಳು ಎನ್ನುತ್ತ ಹೊರಬೀಳುತ್ತದೆ. ಬಗ್ಗಡ ಕೂಡ ಹೊರಗುಂಡಿಗೆ ಬಂದ ಮೇಲೆ ಸುಮ್ಮನಿರುವುದಿಲ್ಲ, ಅಲ್ಲೂ ನೊರೆಯಾಡುತ್ತಲೇ ಇರುತ್ತದೆ. ಇದು ಗುಂಡಿ ಚೆನ್ನಾಗಿದ್ದಾಗಿನ ಮಾತು. ಗುಮ್ಮಟದ ಒಳಗಾರೆ ಬಿರುಕು ಬಿಟ್ಟರೆ, ನೆತ್ತಿಯ ಮೇಲೆ ಪೈಪು ಕೂರಿಸಿದ ಜಾಗ ಸಡಿಲವಾದರೆ, ವಾಲ್ವಿನ ಗ್ಲ್ಯಾಂಡು ಸವೆದರೆ, ಅನಿಲದೊಳಗಿನ ಹೈಡ್ರೋಜನ್ ಸಲ್ಫೈಡು ಕಬ್ಬಿಣದ ಪೈಪನ್ನು ತಿಂದರೆ, ರಬ್ಬರ್ ಕೊಳವೆಯನ್ನು ಇಲಿ ಕಡಿದರೆ ಸೋರಿಕೆ ಹಗಲಿರುಳೂ ನಡೆಯುತ್ತದೆ. ಒಲೆ ಉರಿಯುತ್ತಲೇ ಇರುತ್ತದೆ, ಸ್ವಲ್ಪ ಸಣ್ಣಗೆ. ಮನೆಯಾಕೆ ಸಗಣಿ ಕಡಿಮೆಯಾಯಿತೇನೋ ಎಂದುಕೊಳ್ಳುತ್ತಾಳೆ.

ನಮ್ಮ ಬರದ ಸೀಮೆಯಲ್ಲಿ ಇನ್ನೊಂದು ಸಂಗತಿ ಇದೆ. ಸಿಮೆಂಟಿನ ಗುಮ್ಮಟ ಗಾಳಿ ಬಿಡದಂತೆ ಗಟ್ಟಿಯಾಗಬೇಕಾದರೆ ದಿನಗಟ್ಟಲೆ ನೀರು ಉಣಿಸಬೇಕು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ, ಮಾರ್ಚಿಯೊಳಗೆ ಗುರಿ ಮುಗಿಸುವ ಅವಸರದಲ್ಲಿ ಕಟ್ಟಿದ ಗುಮ್ಮಟಕ್ಕೆ ಯಾರು ನೀರು ಹೊಯ್ದಾರು? ಬಿರುಕು ಮೊದಲ ದಿನವೇ ಹುಟ್ಟುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರ್ ಮನೆಮನೆಗೆ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ನೀರು ಕಾಯಿಸುವುದಕ್ಕೆ ಮಾತ್ರ ಉಳಿಯಿತು. ಸಗಣಿ ಮಾತ್ರ ರೂಢಿಯಂತೆ ಬೀಳುತ್ತಲೇ ಇದೆ. ಅರ್ಧ ಉರಿಯುವ ಗುಂಡಿ ಪೂರ್ತಿ ಮುಚ್ಚಿದ ಗುಂಡಿಗಿಂತ ಕೆಟ್ಟದ್ದು. 2014ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ವಿಮರ್ಶೆ, ಮನೆಬಳಕೆಯ ಈ ಸಣ್ಣ ಸ್ಥಾವರಗಳು ಹವಾಮಾನಕ್ಕೆ ಔಷಧವೋ ಬಾಂಬೋ ಎಂಬ ಪ್ರಶ್ನೆಯನ್ನು ಶೀರ್ಷಿಕೆಯಲ್ಲೇ ಇಟ್ಟಿತು. ಅದಾಗಿ ಹತ್ತು ವರ್ಷ ದಾಟಿದರೂ ನಮ್ಮ ಇಲಾಖೆಗಳ ವಾರ್ಷಿಕ ವರದಿಯಲ್ಲಿ ಸಾಧನೆ ಎಂದರೆ ಎಷ್ಟು ಸ್ಥಾವರ ಕಟ್ಟಿದೆವು ಎಂಬ ಸಂಖ್ಯೆಯೇ.

ಕಾನೂನು ಏನು ಹೇಳುತ್ತದೆ? ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹಾಕುವವನು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಗೆ ಒಳಪಡುತ್ತಾನೆ. ಚಿಮಣಿಯ ಹೊಗೆ, ಜನರೇಟರಿನ ಸದ್ದು, ಹೊರಬಿಡುವ ನೀರು, ಎಲ್ಲಕ್ಕೂ ಮಿತಿ ಉಂಟು. ಆದರೆ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಮೀಥೇನ್ ಇಲ್ಲ. ತೈಲ ಸಂಸ್ಕರಣಾಗಾರಗಳಿಗೆ 2008ರಿಂದ ಸೋರಿಕೆ ಪತ್ತೆ ಮತ್ತು ದುರಸ್ತಿಯ ನಿಯಮ ಇದೆ. ಅದರ ಗುರಿ ಆವಿಯಾಗುವ ಇತರ ರಾಸಾಯನಿಕಗಳು. ಮೀಥೇನಿಗೆ ನಮ್ಮ ಕಾನೂನಿನಲ್ಲಿ ಒಂದು ಅಂಕಿ ಸಿಕ್ಕಿದ್ದು 2016ರ ಘನತ್ಯಾಜ್ಯ ನಿಯಮಗಳಲ್ಲಿ. ಕಸದ ಭೂಭರ್ತಿಯಲ್ಲಿ ಮೀಥೇನ್ ಸ್ಫೋಟದ ಕನಿಷ್ಠ ಮಿತಿಯ ಶೇ. 25 ಮೀರಬಾರದು ಎಂದವು ಅವು. ಗಾಳಿಯಲ್ಲಿ ಮೀಥೇನ್ ಶೇ. 5 ಆದಾಗ ಸ್ಫೋಟಿಸಬಲ್ಲದು, ಅದರ ಕಾಲು ಭಾಗ ಶೇ. 1.25. ಕಲ್ಲಿದ್ದಲು ಗಣಿಯೊಳಗೆ ವಿದ್ಯುತ್ ಕಡಿತ ಮಾಡಬೇಕಾದ ಅಂಕಿಯೂ ಇದೇ. ಈ ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬೆಂಕಿಯ ಭಯ ಒಂದೇ.

ಬೆಂಕಿಯ ಭಯ ಸುಳ್ಳಲ್ಲ. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಅನಿಲ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಸಿಡಿಯುವ ತನಕ ಸೋರಿಕೆಯನ್ನು ಸೋರಿಕೆ ಎಂದು ಒಪ್ಪದ ಆಡಳಿತ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ನಗರಂ ಸಾಕ್ಷಿ. ಬಯಲಿನಲ್ಲಿರುವ ಗೋಬರ್ ಗ್ಯಾಸಿನ ಗುಂಡಿ ಸಾಮಾನ್ಯವಾಗಿ ಸಿಡಿಯುವುದೂ ಇಲ್ಲ, ಅದರ ಅನಿಲ ಗಾಳಿಗೆ ಸೇರಿ ತೆಳುವಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಕೊಟ್ಟಿಗೆಯ ಪಕ್ಕದಲ್ಲಿ ಅದನ್ನು ಯಾರು ಬೇರೆ ಮಾಡಿ ಗುರುತಿಸುತ್ತಾರೆ? ಹೀಗೆ ಸ್ಫೋಟವನ್ನೇ ಅಳತೆಗೋಲು ಮಾಡಿಕೊಂಡ ಕಾನೂನಿನ ಕಣ್ಣಿಗೆ ಈ ಗುಂಡಿ ಬೀಳುವುದೇ ಇಲ್ಲ.

ಇನ್ನು ಯಂತ್ರ ಮಾರುವವರ ವಾದ. ಯುರೋಪಿನ ಒಕ್ಕೂಟ 2024ರಲ್ಲಿ ಮೀಥೇನ್ ನಿಯಮ ತಂದು ತೈಲ, ಅನಿಲ ಕಂಪನಿಗಳಿಗೆ ಸೋರಿಕೆ ಹುಡುಕಿ ಸರಿಪಡಿಸುವುದನ್ನು ಕಡ್ಡಾಯ ಮಾಡಿದ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ, ಡ್ರೋನ್, ಉಪಗ್ರಹ ಸೇವೆಗಳಿಗೆ ದೊಡ್ಡ ಮಾರುಕಟ್ಟೆ ಹುಟ್ಟಿದೆ. ಈ ಉಪಕರಣಗಳ ಹಿಂದಿನ ವಿಜ್ಞಾನದ ಬಗ್ಗೆ ನನಗೆ ಗೌರವವಿದೆ. ಮೀಥೇನ್ ಅಣು 3.3 ಮೈಕ್ರೋಮೀಟರಿನ ಆಸುಪಾಸಿನ ಬೆಳಕನ್ನು ಹೀರುತ್ತದೆ. ಕಣ್ಣಿಗೆ ಕಾಣದ ಅನಿಲ ಆ ಕ್ಯಾಮೆರಾದಲ್ಲಿ ಹೊಗೆಯಂತೆ ಕಾಣುತ್ತದೆ. 2022ರಲ್ಲಿ ದೆಹಲಿ, ಮುಂಬೈಗಳ ಕಸದ ಗುಡ್ಡಗಳಿಂದ ಏಳುವ ಮೀಥೇನನ್ನು ಉಪಗ್ರಹದಿಂದ ಅಳೆದು ತೋರಿಸಿದ್ದು ದೊಡ್ಡ ಕೆಲಸ. ಆದರೆ ಈ ಯಂತ್ರಗಳನ್ನು ಕೊಂಡರೆ, ಇಲ್ಲವೇ ಉಪಗ್ರಹದ ಚಂದಾದಾರರಾದರೆ ಮೀಥೇನ್ ನಿಯಮ ಪಾಲಿಸಿದಂತಾಯಿತು ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತಿದೆ. ಆ ಭಾವನೆಯೇ ನಮ್ಮ ಗುಂಡಿಗಳನ್ನು ಕತ್ತಲೆಯಲ್ಲಿಟ್ಟಿದೆ. ಸೆಂಟಿನೆಲ್ 5ಪಿ ಉಪಗ್ರಹದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 5.5 ಕಿಲೋಮೀಟರ್ ಉದ್ದ, 7 ಕಿಲೋಮೀಟರ್ ಅಗಲ. ಎಷ್ಟೋ ಹಳ್ಳಿಗಳು ಅದರೊಳಗೆ ಮುಳುಗಿಹೋಗುತ್ತವೆ. ಸೂಕ್ಷ್ಮ ಕಣ್ಣಿನ ಖಾಸಗಿ ಉಪಗ್ರಹಗಳಿಗೂ ಒಂದೇ ಜಾಗದಿಂದ ತಾಸಿಗೆ ಸುಮಾರು 100 ಕಿಲೋ ಹೊರಟರೆ ಮಾತ್ರ ಕಾಣುತ್ತದೆ. ದಿನಕ್ಕೆ 80 ಗ್ರಾಂ ಬಿಡುವ ಗುಂಡಿ ಆ ಕಣ್ಣಿಗೆ ಬೀಳಬೇಕಾದರೆ ಅಂಥ 30,000 ಗುಂಡಿಗಳನ್ನು ಒಂದೇ ಹಿತ್ತಲಿನಲ್ಲಿ ಜೋಡಿಸಬೇಕು. 2024ರ ಮಾರ್ಚಿಯಲ್ಲಿ ಹಾರಿಸಿದ ಮೀಥೇನ್‌ಸ್ಯಾಟ್ ಉಪಗ್ರಹ 2025ರ ಜೂನ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ಆಕಾಶವನ್ನೇ ನೆಚ್ಚಿ ಕೂತವರು ಇದನ್ನೂ ಗಮನಿಸಬೇಕು.

ಗುಂಡಿಯ ಸೋರಿಕೆ ಹುಡುಕುವುದಕ್ಕೆ ಬೇಕಾದದ್ದು ಬಹಳ ಕಡಿಮೆ. ಕೀಲುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಒಲೆಯ ಕೊಳವೆಗೆ ನೀರು ತುಂಬಿದ ಬಾಗಿದ ಗಾಜಿನ ನಳಿಗೆ ಕಟ್ಟಿ, ವಾಲ್ವು ಮುಚ್ಚಿ, ಒತ್ತಡ ಇಳಿಯುತ್ತದೆಯೇ ಕಾಯುವುದು. ಕೊಳವೆ ಗಟ್ಟಿ ಇದ್ದು ಒತ್ತಡ ಏರದೇ ಇದ್ದರೆ ತಪ್ಪು ಗುಮ್ಮಟದಲ್ಲಿ. ಕುಟುಂಬ ಗಾತ್ರದ ಗೋಬರ್ ಗ್ಯಾಸ್ ಸ್ಥಾವರಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 9478 ಎಂಬ ನಿಯಮಾವಳಿಯೇ ಇದೆ. ಗುಮ್ಮಟ ಮತ್ತು ಹೊರಗುಂಡಿಯಿಂದ ಹೊರಡುವುದನ್ನು ನೋಡಲು ತಾಲ್ಲೂಕಿಗೊಂದು ಕೈಲೇಸರ್ ಸಾಕು. ಆ ಬೆಳಕು ಹೊರಗುಂಡಿಯ ಮೇಲೆ ಬಿದ್ದು ಮರಳುವಾಗ ನಡುವೆ ಎಷ್ಟು ಮೀಥೇನ್ ಇದೆ ಎಂಬುದನ್ನು ಹೇಳುತ್ತದೆ. ಐಟಿಐ ಮುಗಿಸಿದ ಹುಡುಗ ಹುಡುಗಿಯರು ಒಂದು ವಾರದಲ್ಲಿ ಕಲಿಯಬಲ್ಲ ಕೆಲಸ ಇದು. ಯಂತ್ರ ದುಬಾರಿ, ಪರಿಣತಿ ಇಲ್ಲ ಎಂಬ ನೆಪ ಗೌರಿಬಿದನೂರಿನಲ್ಲಂತೂ ನಡೆಯಬಾರದು. ಭೂಮಿಯ ಇನ್ನೊಂದು ಮೂಲೆಯಲ್ಲಿ ನೆಲದಡಿ ನಡೆಸಿದ ಅಣುಪರೀಕ್ಷೆಯ ನಡುಕವನ್ನು ಗುರುತಿಸುವ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು 1960ರ ದಶಕದಿಂದ ಈ ತಾಲ್ಲೂಕಿನ ನೆಲದಲ್ಲಿದೆ. ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುವ ಆಂಟೆನಾಗಳೂ ಇಲ್ಲೇ ನಿಂತಿವೆ. ಈ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ನೇಮಿಸಿದರು. ಪವಾಡವನ್ನೂ ಪರೀಕ್ಷೆಗೆ ಒಡ್ಡಿದ ನಾಡಿನಲ್ಲಿ ಸಗಣಿ ಗುಂಡಿಯ ಪರಿಶುದ್ಧತೆಯನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡು ಕೂತಿದ್ದೇವೆ.

ಹಳ್ಳಿಯಲ್ಲಿ ಅಳತೆ ಸಾಧ್ಯವಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ, ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ನಡೆಸಿತು. 1987ರಿಂದ ಅದರ ಅನಿಲದಲ್ಲಿ ಎಂಜಿನ್ ಓಡಿಸಿ ಊರಿಗೆ ವಿದ್ಯುತ್ತು, ನೀರು ಕೊಟ್ಟರು. ಮನೆಮನೆಯಿಂದ ಬಂದ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು, ಬಗ್ಗಡವನ್ನು ಪಾಲು ಹಾಕಿ ವಾಪಸು ಕೊಡುತ್ತಿದ್ದರು. ಅಳೆಯುವ ಊರು ಹೇಗಿರುತ್ತದೆ ಎಂಬುದು ನಮಗೆ ಆಗಲೇ ಗೊತ್ತಿತ್ತು. ಎರಡನೆಯದು ನಮ್ಮ ನೆರೆಯ ಬಾಗೇಪಲ್ಲಿಯದು. ಅಲ್ಲಿನ ಕೂಲಿ ಸಂಘ, ಅಡಾಟ್ಸ್ ಸಂಸ್ಥೆಯ ನೆರವಿನಿಂದ, ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟುವ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿತು. ಆಗ ಅದು ಅವಿಭಜಿತ ಕೋಲಾರ ಜಿಲ್ಲೆ. ಕೂಲಿ ಹೆಂಗಸರ ಅಡುಗೆಮನೆಯಿಂದ ಹೊಗೆ ಓಡಿಸುವ ಹಣವನ್ನು ಶ್ರೀಮಂತ ದೇಶಗಳ ಮಾರುಕಟ್ಟೆಯಿಂದಲೇ ತರುವ ಧೈರ್ಯ ಮಾಡಿದ ಸಂಘಟನೆ ಅದು. ಅದರ ಮೇಲೆ ನನಗೆ ಅಭಿಮಾನವಿದೆ. ಗುಂಡಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಹಳ್ಳಿ ಮಟ್ಟದಲ್ಲೇ ನಿಗಾ ಇಟ್ಟು ದಾಖಲಿಸುವ ರೂಢಿಯನ್ನೂ ಅವರು ಬೆಳೆಸಿದರು.

ನನ್ನ ತಕರಾರು ಆ ಸಂಘದ ಮೇಲಲ್ಲ, ಇಡೀ ಇಂಗಾಲದ ಕ್ರೆಡಿಟ್ ಲೋಕದ ಮೇಲೆ. ಅಲ್ಲಿ ಒಲೆ ಉರಿದ ದಿನಗಳಿಗೆ ಬೆಲೆ, ಉರಿಯದೆ ಹೋದ ಅನಿಲಕ್ಕೆ ಊಹೆ. ಸಗಣಿಯ ಮೀಥೇನಿಗೆ ವಿಶ್ವಸಂಸ್ಥೆ ರೂಪಿಸಿದ ಕ್ರೆಡಿಟ್ ವಿಧಾನ, ಸೋರಿಕೆಯನ್ನು ಉತ್ಪತ್ತಿ ಸಾಮರ್ಥ್ಯದ ಶೇ. 10 ಎಂದು ಹಿಡಿಯಲು ಬಿಡುತ್ತದೆ. ಹವಾಮಾನ ಮಂಡಳಿಯ ರಾಷ್ಟ್ರೀಯ ಲೆಕ್ಕದ ಕೈಪಿಡಿ ಶೇ. 5 ಎನ್ನುತ್ತದೆ. ಶೇ. 2 ಸೋರುವ ಒಳ್ಳೆಯ ಮೇಸ್ತ್ರಿಯ ಗುಂಡಿಗೂ ಶೇ. 40 ಸೋರುವ ಕೆಟ್ಟ ಗುಂಡಿಗೂ ಒಂದೇ ಅಂಕಿ. ಹೀಗಿದ್ದ ಮೇಲೆ ಸೋರಿಕೆ ಮುಚ್ಚುವುದಕ್ಕೆ ಯಾರಿಗೆ ಆಸಕ್ತಿ ಇರುತ್ತದೆ? ಭಾರತ 2023ರಲ್ಲಿ ತನ್ನದೇ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆಯನ್ನು ಪ್ರಕಟಿಸಿದೆ. ಊಹೆಯ ಅಂಕಿಯನ್ನು ಅಲ್ಲಿಗೂ ಹೊತ್ತುಕೊಂಡು ಹೋದರೆ ಕಾಣದ ಅನಿಲವನ್ನು ಕಾಣದಂತೆಯೇ ಮಾರಿದಂತೆ.

ನನಗೆ ಎದುರಾಗುವ ಗಟ್ಟಿಯಾದ ಆಕ್ಷೇಪ ಬೇರೆ. ಹೊಗೆಯೊಲೆಯ ಮುಂದೆ ಕೆಮ್ಮುತ್ತ ಬದುಕಿದ ಹೆಣ್ಣಿಗೆ ಗೋಬರ್ ಗ್ಯಾಸ್ ಬಿಡುಗಡೆ ಕೊಟ್ಟಿತು; ನೀನು ಸೋರಿಕೆಯ ಮಾತೆತ್ತಿ ಅವಳ ಒಲೆ ಆರಿಸುತ್ತೀಯ ಎಂದು ಕೇಳುತ್ತಾರೆ. ಆ ಬಿಡುಗಡೆ ನಿಜ, ಬಗ್ಗಡದ ಗೊಬ್ಬರದ ಬೆಲೆಯೂ ನಿಜ. ಒಂದು ಗುಂಡಿಯನ್ನೂ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಸೋರುವ ಗುಂಡಿಯಿಂದ ಮೊದಲು ನಷ್ಟವಾಗುವುದು ಅವಳಿಗೇ. 50 ಕಿಲೋ ಸಗಣಿ ಬಾಚಿ, ಕೊಡದಲ್ಲಿ ಅಷ್ಟೇ ನೀರು ಹೊತ್ತು ತಂದು, ಕೈಯಿಂದ ಕಲಸಿ ಸುರಿಯುವವಳು ಅವಳು. ಅನಿಲದ ಮೂರನೇ ಒಂದು ಪಾಲು ಬಿರುಕಿನಲ್ಲಿ ಹೋದರೆ ಅವಳ ಬೆಳಗಿನ ದುಡಿಮೆಯ ಮೂರನೇ ಒಂದು ಪಾಲು ಹೋಯಿತು. ಬರಗಾಲದಲ್ಲಿ ತಂದ ನೀರೂ ಹೋಯಿತು. ಸೋರಿಕೆ ಹುಡುಕುವುದು ಅವಳ ವಿರುದ್ಧದ ಕೆಲಸ ಎನ್ನುವವರು ಗುಂಡಿಗೆ ಸಗಣಿ ಸುರಿದವರಲ್ಲ.

ಆದರೆ ಹೊಣೆ ಅವಳ ಮೇಲೆ ಬೀಳಬಾರದು. ಗೋಬರ್ ಗ್ಯಾಸ್ ಯೋಜನೆಯಲ್ಲಿ ಕಟ್ಟಿದವರಿಗೆ ಸ್ಥಾವರಕ್ಕಿಷ್ಟು ಎಂದು ಶುಲ್ಕ ಕೊಡಲಾಗುತ್ತದೆ. ಅದಕ್ಕೆ ಬದಲಾಗಿ ಐದು ವರ್ಷ ಉಚಿತವಾಗಿ ನೋಡಿಕೊಳ್ಳಬೇಕು ಎಂಬ ಕರಾರು ಆ ಶುಲ್ಕದಲ್ಲೇ ಅಡಗಿದೆ. ಆ ಐದು ವರ್ಷ ವರ್ಷಕ್ಕೆರಡು ಸಲ ಒತ್ತಡ ಪರೀಕ್ಷೆ ಮಾಡಿ, ಅಂಕಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆದ ಮೇಲೆಯೇ ಕೊನೆಯ ಕಂತು ಕೈಸೇರಬೇಕು. ಗುಂಡಿಯ ಹೆಸರಿನಲ್ಲಿ ಕ್ರೆಡಿಟ್ ಮಾರುವವರು ಊಹೆಯ ಅಂಕಿ ಬಿಟ್ಟು ಅಳೆದ ಅಂಕಿ ಕೊಡಬೇಕು. ಅಳೆಯದ ಗುಂಡಿಗೆ ಕ್ರೆಡಿಟ್ ಕೊಡಬಾರದು. ದುರಸ್ತಿಯ ಖರ್ಚು ಕ್ರೆಡಿಟ್ ಕೊಂಡವರದು. ಐದು ವರ್ಷ ಮೀರಿದ ಗುಂಡಿಗಳನ್ನು ಹಾಲು ಒಕ್ಕೂಟ ವಹಿಸಿಕೊಳ್ಳಬಹುದು. ಪಶುವೈದ್ಯನನ್ನು ಹಳ್ಳಿಗೆ ಕಳಿಸುವ ಜಾಲ ಅದಕ್ಕೆ ಇದ್ದೇ ಇದೆ. ಮನೆಯಲ್ಲಿ ಸಿಲಿಂಡರ್ ಬಂದು ಗುಂಡಿ ಅರ್ಧ ಬಳಕೆಗೆ ಇಳಿದಿದ್ದರೆ ಸಗಣಿ ಹಾಕುವುದನ್ನೂ ಅರ್ಧಕ್ಕೆ ಇಳಿಸಿ ಎಂದು ಹೇಳುವವರು ಬೇಕು. ಪೂರ್ತಿ ಬಿಟ್ಟ ಗುಂಡಿಯನ್ನು ಸುರಕ್ಷಿತವಾಗಿ ಬರಿದು ಮಾಡಿಸಬೇಕು. ಅದರೊಳಗೆ ಮನುಷ್ಯ ಇಳಿಯಕೂಡದು. ಹೈಡ್ರೋಜನ್ ಸಲ್ಫೈಡು ಮೂಗಿನ ಗ್ರಹಿಕೆಯನ್ನೇ ಮಂಕಾಗಿಸಿ ಕೊಲ್ಲುತ್ತದೆ.

ಇದೆಲ್ಲ ಈಗಲೇ ಆಗಬೇಕೆನ್ನಲು ಕಾರಣ ಇದೆ. 2018ರ ಸತತ್ ಯೋಜನೆ 5,000 ದೊಡ್ಡ ಸಂಪೀಡಿತ ಜೈವಿಕ ಅನಿಲ ಸ್ಥಾವರಗಳ ಗುರಿ ಇಟ್ಟುಕೊಂಡು ಹೊರಟಿತು. ನಗರ ಅನಿಲ ಕಂಪನಿಗಳು 2025-26ರಲ್ಲಿ ಶೇ. 1ರಿಂದ ಶುರುಮಾಡಿ 2028-29ಕ್ಕೆ ಶೇ. 5ರಷ್ಟು ಈ ಅನಿಲವನ್ನು ಬೆರೆಸಲೇಬೇಕು. ದಿನಕ್ಕೆ ಹತ್ತು ಟನ್ ತಯಾರಿಸುವ ಒಂದು ಸ್ಥಾವರ ಶೇ. 2 ಸೋರಿದರೂ ಅದು ದಿನಕ್ಕೆ 200 ಕಿಲೋ, ಅಂದರೆ ನಮ್ಮ 2,500 ಸೋರುವ ಮನೆಗುಂಡಿಗಳಿಗೆ ಸಮ. ಇಂಪೀರಿಯಲ್ ಕಾಲೇಜಿನ ಸಂಶೋಧಕರು 2022ರಲ್ಲಿ ಜೈವಿಕ ಅನಿಲದ ಸರಪಳಿಯಿಂದ ಸೋರುವ ಮೀಥೇನ್ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನ ಎರಡು ಪಟ್ಟಿಗೂ ಹೆಚ್ಚಿರಬಹುದೆಂದು ತೋರಿಸಿದರು. ಅದರಲ್ಲೂ ಬಗ್ಗಡ ಇಡುವ ತೊಟ್ಟಿಯೇ ದೊಡ್ಡ ಅಪರಾಧಿ. ಡೆನ್ಮಾರ್ಕ್ 2023ರಿಂದ ತನ್ನ ಜೈವಿಕ ಅನಿಲ ಸ್ಥಾವರಗಳಿಗೆ ಸೋರಿಕೆ ತಪಾಸಣೆಯನ್ನೂ ಶೇ. 1ರ ನಷ್ಟದ ಮಿತಿಯನ್ನೂ ಕಡ್ಡಾಯ ಮಾಡಿತು. ಜರ್ಮನಿ ಅನಿಲ ಶುದ್ಧೀಕರಣ ಘಟಕದಲ್ಲಿ ತಪ್ಪಿಹೋಗುವ ಮೀಥೇನಿಗೆ ಶೇ. 0.2ರ ಮಿತಿಯನ್ನು ಹತ್ತು ವರ್ಷಕ್ಕೂ ಹಿಂದೆಯೇ ಇಟ್ಟಿತು. ಕುಡುಮಲಕುಂಟೆಯಂಥ ಕೈಗಾರಿಕಾ ಪ್ರದೇಶಕ್ಕೆ ನಾಳೆ ಒಂದು ಸಂಪೀಡಿತ ಅನಿಲ ಸ್ಥಾವರದ ಅರ್ಜಿ ಬಂದರೆ ಮಾಲಿನ್ಯ ಮಂಡಳಿಯ ಸಮ್ಮತಿ ಪತ್ರದಲ್ಲಿ ಬಗ್ಗಡದ ತೊಟ್ಟಿಗೆ ಗಾಳಿ ಬಿಡದ ಮುಚ್ಚಳ ಇರಬೇಕು, ನಷ್ಟ ಶೇ. 1 ದಾಟಬಾರದು, ಮೂರು ತಿಂಗಳಿಗೊಮ್ಮೆ ಹೊರಗಿನವರು ಅಳೆದ ಅಂಕಿ ಪ್ರಕಟವಾಗಬೇಕು ಎಂಬ ಷರತ್ತುಗಳಿರಬೇಕು. ಅವನ್ನು ಬರೆಯುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಮ್ಮತಿಗೆ ಷರತ್ತು ಹಾಕುವ ಅಧಿಕಾರ ಮಂಡಳಿಗೆ 1981ರ ಕಾಯ್ದೆಯಲ್ಲೇ ಇದೆ.